ಪಿಂಗಾಣಿ ಜಾಡಿಯ ಅಷ್ಟಮಂಗಳದಲ್ಲಿ ಧ್ವಜ ಏಕಿಲ್ಲ? ಚೀನಾ ಮತ್ತು ಟಿಬೆಟಿನ ಕೆಲವು ವಸ್ತುಗಳ ಸಂಕೇತಾರ್ಥ

ಪ್ರಶ್ನೆ: ಗಾಜಿನಬೀರು

ನನ್ನ ಸೋದರಮಾವ ಸರಕು ಹಡಗುಗಳಲ್ಲಿ ದುಡಿದವರು. ಹಾಂಗ್‌ಕಾಂಗ್, ಸಿಂಗಪುರಗಳ ಬಂದರುಪೇಟೆಗಳಲ್ಲಿ ಕೊಂಡ ಚೀನೀ ಸಾಮಾನುಗಳನ್ನೂ, ನಿವೃತ್ತರಾದ ಮೇಲೆ ಬೈಲಕುಪ್ಪೆಯ ಅಂಗಡಿಗಳಲ್ಲಿ ಕೊಂಡ ಟಿಬೆಟಿನ ಸಾಮಾನುಗಳನ್ನೂ ಅವರು ಒಂದೇ ಗಾಜಿನ ಬೀರುವಿನಲ್ಲಿ ಇರಿಸಿದ್ದರು. ಆ ಬೀರು ಈಗ ನಮ್ಮ ಮನೆಗೆ ಬಂದಿದೆ. ಬೆಲೆ ಕಟ್ಟಿಸುವ ಉದ್ದೇಶ ನನಗಿಲ್ಲ. ಅದರೊಳಗಿನ ನಾಲ್ಕು ವಸ್ತುಗಳ ಅರ್ಥವನ್ನು ತಿಳಿದುಕೊಳ್ಳಬೇಕೆಂದಿದ್ದೇನೆ.

ಮೊದಲನೆಯದು, ಬಿಳಿಯ ಮೇಲೆ ನೀಲಿ ಬಣ್ಣದಲ್ಲಿ ಬರೆದ ಪಿಂಗಾಣಿಯ ಜಾಡಿ. ಸುತ್ತಲೂ ಕಮಲದ ಬಳ್ಳಿ ಹಬ್ಬಿದೆ, ಒಂದೊಂದು ಕಮಲದ ಮೇಲೆ ಒಂದೊಂದು ಚಿಹ್ನೆ ಕುಳಿತಿದೆ: ಚಕ್ರ, ಶಂಖ, ಛತ್ರಿ, ಹೂವು, ಕಲಶ, ಜೋಡಿ ಮೀನು, ಗಂಟು. ಎಂಟನೆಯದು ಮತ್ತೆ ಛತ್ರಿಯಂತೆಯೇ ಕಾಣುತ್ತದೆ. ಬೈಲಕುಪ್ಪೆಯ ವಿಹಾರಗಳಲ್ಲಿ ನಾನು ನೋಡಿರುವ ಎಂಟರಲ್ಲಿ ಒಂದು ಧ್ವಜವಿರುತ್ತದೆ, ಇದರಲ್ಲಿ ಅದಿಲ್ಲ. ಜಾಡಿಯ ತಳದಲ್ಲಿ ಆರು ಚೀನೀ ಅಕ್ಷರಗಳಿವೆ. ಎರಡನೆಯದು ಮರದ ತಟ್ಟೆ. ನಡುವೆ ಒಂದು ದುಂಡನೆಯ ಅಕ್ಷರ, ಅದರ ಸುತ್ತ ಐದು ಬಾವಲಿಗಳು. ಮೂರನೆಯದು ಕಂಚಿನ ಘಂಟೆ ಮತ್ತು ವಜ್ರದ (ವಜ್ರಾಯುಧದ ಆಕಾರದ ಪೂಜಾಸಾಧನದ) ಜೋಡಿ. ನಾಲ್ಕನೆಯದು ಮೂರು ಅಲಗಿನ ಚೂರಿ. ಅದರ ಹಿಡಿಯ ತುದಿಯಲ್ಲಿ ಉಗ್ರವಾದ ಮೂರು ಮುಖಗಳಿವೆ.

ನನ್ನ ಸಂದೇಹಗಳು ಹೀಗಿವೆ. ಜಾಡಿಯ ಮೇಲಿರುವುದೂ ನಮ್ಮ ಜೈನ ಬಸದಿಗಳ ಅಷ್ಟಮಂಗಳವೂ ಒಂದೆಯೇ? ಬಾವಲಿ ಮನೆಯೊಳಗೆ ಹೊಕ್ಕರೆ ಅಪಶಕುನವೆನ್ನುವವರು ನಾವು. ಚೀನೀಯರು ಅದನ್ನು ತಟ್ಟೆಯಲ್ಲಿ ಕೆತ್ತಿ ಗೋಡೆಗೆ ತೂಗುಹಾಕುವುದೇಕೆ? ಘಂಟೆ ಮತ್ತು ವಜ್ರಗಳನ್ನು ಬೀರುವಿನಲ್ಲಿ ಅಲಂಕಾರಕ್ಕೆ ಇಡಬಹುದೇ? ಚೂರಿಯನ್ನು ಮನೆಯಲ್ಲಿಟ್ಟರೆ ಜಗಳ ತಪ್ಪದೆಂದು ಬಂಧುಗಳೊಬ್ಬರು ಹೇಳುತ್ತಿದ್ದಾರೆ. ಅದಕ್ಕೇನಾದರೂ ಆಧಾರವಿದೆಯೇ?

ಉತ್ತರ: ಬಲಮುರಿ

ನಿಮ್ಮ ಜಾಡಿಯಲ್ಲಿ ಛತ್ರಿ ಎರಡು ಸಲ ಬಂದಿಲ್ಲ. ಒಂದು ಛತ್ರಿ, ಇನ್ನೊಂದು ಮೇಲ್ಕಟ್ಟು. ಎಂಟು ಚಿಹ್ನೆಗಳು ಟಿಬೆಟಿನಲ್ಲಿ ಒಂದು ಬಗೆಯಾಗಿಯೂ ಚೀನಾದಲ್ಲಿ ಇನ್ನೊಂದು ಬಗೆಯಾಗಿಯೂ ನೆಲೆಗೊಂಡವು, ಮತ್ತು ಅವುಗಳ ನಡುವಣ ಅತ್ಯಂತ ಸ್ಪಷ್ಟವಾದ ವ್ಯತ್ಯಾಸ ನೀವು ಗುರುತಿಸಿದ ಆ ಒಂದು ಚಿತ್ರವೇ ಆಗಿದೆ. ಟಿಬೆಟನ್ನರು 'ಟಾಶಿ ತಗ್ಯೆ' ಎನ್ನುವ ಎಂಟು ಮಂಗಳಚಿಹ್ನೆಗಳಲ್ಲಿ ಛತ್ರ, ಜೋಡಿ ಮೀನು, ನಿಧಿಕಲಶ, ಕಮಲ, ಬಲಮುರಿ ಶಂಖ, ಕೊನೆಯಿಲ್ಲದ ಗಂಟು, ವಿಜಯಧ್ವಜ ಮತ್ತು ಚಕ್ರ ಇರುತ್ತವೆ. ಚೀನೀ ಕುಶಲಕರ್ಮಿಗಳು ಬಾಯಿಪಾಠವಾಗಿ ಇಟ್ಟುಕೊಂಡ ಪಟ್ಟಿ ಚಕ್ರ, ಶಂಖ, ಛತ್ರಿ, ಮೇಲ್ಕಟ್ಟು, ಹೂವು, ಕಲಶ, ಮೀನು, ಗಂಟು ಎಂದು ಸಾಗುತ್ತದೆ. ವಿಜಯಧ್ವಜವೆಂದರೆ ಕೋಲಿಗೆ ಕಟ್ಟಿದ ಬಾವುಟವಲ್ಲ. ಅದು ಹಂತಹಂತವಾಗಿ ಬಟ್ಟೆಯ ಜಾಲರಿಗಳನ್ನು ಇಳಿಬಿಟ್ಟ ಕಂಬದಾಕಾರದ ವಸ್ತು. ನಾಮ್‌ಡ್ರೋಲಿಂಗ್‌ನಂಥ ವಿಹಾರಗಳ ಮಾಳಿಗೆಯ ಅಂಚಿನಲ್ಲಿ ಚಿನ್ನದ ಬಣ್ಣದ ಲೋಹದಲ್ಲಿ ಮಾಡಿ ನಿಲ್ಲಿಸಿರುತ್ತಾರೆ. ಧ್ಯಾನ ಕೆಡಿಸಲು ಬಂದ ಮಾರನ ಮೇಲೆ ಬುದ್ಧನು ಸಾಧಿಸಿದ ಜಯವನ್ನು ಅದು ಸಾರುತ್ತದೆ. ಜಾಲರಿಯ ಮೇಲ್ಕಟ್ಟಿಗೂ ಅದಕ್ಕೂ ನೋಟದಲ್ಲಿ ಹೆಚ್ಚಿನ ಅಂತರವಿಲ್ಲವಾದರೂ, ಗುರುತು ಬದಲಾದ ಮೇಲೆ ಜಯದ ಅರ್ಥ ಹಿಂದೆ ಸರಿದು, ಜೀವರಾಶಿಯನ್ನೆಲ್ಲ ಹೊದಿಸಿ ಕಾಯುವ ಮೇಲ್ಕಟ್ಟಿನ ಅರ್ಥ ಮುಂದೆ ಬಂದಿತು.

ಜೈನರ ಅಷ್ಟಮಂಗಳದ ವಿಷಯಕ್ಕೆ ಬಂದರೆ, ಎರಡೂ ಒಂದೇ ಅಲ್ಲ, ಆದರೆ ಬೇರು ಒಂದೇ ನೆಲದಲ್ಲಿದೆ. ನಮ್ಮ ಕಡೆಯ ದಿಗಂಬರ ಬಸದಿಗಳಲ್ಲಿ ಭೃಂಗಾರ (ನೀರಿನ ಹೂಜಿ), ಕಲಶ, ದರ್ಪಣ, ಚಾಮರ, ಧ್ವಜ, ಬೀಸಣಿಗೆ, ಛತ್ರ ಮತ್ತು ಸುಪ್ರತಿಷ್ಠ (ಪೀಠ) ಎಂಬ ಎಂಟು ಮಂಗಳದ್ರವ್ಯಗಳನ್ನು ಕಾಣುತ್ತೇವೆ. ಇವುಗಳಲ್ಲಿ ಹೆಚ್ಚಿನವು ರಾಜನ ಸೇವೆಯ ಮತ್ತು ಅಭಿಷೇಕದ ಸಾಮಗ್ರಿಗಳು ಎಂಬುದನ್ನು ಗಮನಿಸಿ. ಶ್ವೇತಾಂಬರರ ಪಟ್ಟಿಯಲ್ಲಿ ಶ್ರೀವತ್ಸವೂ ಮತ್ಸ್ಯಯುಗ್ಮವೂ ಇವೆ. ಮಥುರೆಯಲ್ಲಿ ದೊರೆತಿರುವ, ಸುಮಾರು ಎರಡು ಸಾವಿರ ವರ್ಷ ಹಳೆಯ ಆಯಾಗಪಟಗಳಲ್ಲಿ, ಅಂದರೆ ಜೈನರ ಪೂಜಾಶಿಲಾಫಲಕಗಳಲ್ಲಿ, ಇಂಥ ಮಂಗಳಚಿಹ್ನೆಗಳ ಸಾಲನ್ನು ಕೆತ್ತಿದ್ದಾರೆ. ಟಿಬೆಟನ್ನರ ಕೊನೆಯಿಲ್ಲದ ಗಂಟಿಗೆ ಸಂಸ್ಕೃತದಲ್ಲಿ ಸಲ್ಲುವ ಹೆಸರು ಶ್ರೀವತ್ಸವೇ. ವಿಷ್ಣುವಿನ ಎದೆಯ ಮೇಲೆ ಲಕ್ಷ್ಮಿಯ ಗುರುತಾಗಿದ್ದದ್ದು ಬೌದ್ಧರಲ್ಲಿ, ಯಾವುದೂ ತಾನೇ ತಾನಾಗಿ ಇರದೆ ಒಂದನ್ನೊಂದು ಆಶ್ರಯಿಸಿಯೇ ಇರುತ್ತದೆಂಬ ಪ್ರತೀತ್ಯಸಮುತ್ಪಾದದ ಚಿತ್ರವಾಯಿತು. ಅದೇ ಗಂಟು ಚೀನಾದ ರೇಷ್ಮೆ ಹುರಿಯ ಕಟ್ಟುಗಳಿಗೆ ಇಳಿದಾಗ, ತುದಿಯೇ ಇಲ್ಲದ್ದರಿಂದ, ದೀರ್ಘಾಯುಷ್ಯದ ಗುರುತಾಗಿ ಉಳಿಯಿತು.

ಮೀನಿನ ಕಥೆ ಇನ್ನೂ ಸೊಗಸಾಗಿದೆ. ಜೋಡಿ ಮೀನು ಮೂಲತಃ ಗಂಗೆ ಮತ್ತು ಯಮುನೆಯರನ್ನು ಸೂಚಿಸುತ್ತಿತ್ತೆಂದು ಹೇಳುತ್ತಾರೆ. ಟಿಬೆಟಿನಲ್ಲಿ ಅದು ಸಂಸಾರಸಾಗರದಲ್ಲಿ ಮುಳುಗುವ ಭಯವಿಲ್ಲದೆ ಈಜುವ ಜೀವದ ಸಂಕೇತ. ಚೀನೀ ಗೃಹಸ್ಥನಿಗೆ ಅದೇ ಜೋಡಿ ದಾಂಪತ್ಯದ ಸುಖವನ್ನೂ, ಉಂಡು ಮಿಗುವಷ್ಟು ಸಮೃದ್ಧಿಯನ್ನೂ ಹೇಳುತ್ತದೆ. ಒಂದೇ ಜಾಡಿಯನ್ನು ಲಾಮಾ ಒಬ್ಬರು ನೋಡಿದರೆ ಸಂಸಾರದಿಂದ ಬಿಡುಗಡೆಯೂ, ವರ್ತಕನೊಬ್ಬ ನೋಡಿದರೆ ತುಂಬಿದ ಸಂಸಾರವೂ ಕಾಣುವುದು ಸಾಧ್ಯ. ಇಬ್ಬರ ಓದನ್ನೂ ತಪ್ಪೆನ್ನಲಾಗದು.

ಈ ಚಿಹ್ನೆಗಳು ಜಿಂಗ್‌ದೆಝೆನ್‌ನ ಪಿಂಗಾಣಿ ಭಟ್ಟಿಗಳನ್ನು ತಲುಪಿದ್ದು ಮುಖ್ಯವಾಗಿ ಅರಮನೆಯ ಮೂಲಕ. ಯುವಾನ್ ವಂಶದ ಕುಬ್ಲಾಯ್ ಖಾನ್ ಟಿಬೆಟಿನ ಫಗ್ಪಾ ಲಾಮಾನನ್ನು ರಾಜಗುರುವಾಗಿ ಮಾಡಿಕೊಂಡಿದ್ದ. ಮಿಂಗ್ ವಂಶದ ಯೋಂಗ್ಲೆ ಚಕ್ರವರ್ತಿ ಟಿಬೆಟಿನ ಪಂಥವೊಂದರ ಗುರುವಾದ ಐದನೆಯ ಕರ್ಮಾಪಾ ದೇಶಿನ್ ಶೇಗ್ಪಾರನ್ನು ನಾನ್‌ಜಿಂಗಿಗೆ ಕರೆಸಿಕೊಂಡು, 1407ರಲ್ಲಿ ತನ್ನ ದಿವಂಗತ ತಂದೆತಾಯಿಯರ ಸಲುವಾಗಿ ಅವರಿಂದ ಕರ್ಮಗಳನ್ನು ಮಾಡಿಸಿದ. ಆ ಕಾಲದ ಅಚ್ಚ ಬಿಳಿಯ ಪಿಂಗಾಣಿಯಲ್ಲಿ ಟಿಬೆಟಿನ ಭಿಕ್ಷುಗಳ ಟೋಪಿಯ ಆಕಾರದ ಬಾಯುಳ್ಳ ಹೂಜಿಗಳೇ ಇವೆ. ಮುಂದೆ ಚಿಂಗ್ ವಂಶದ ಚಿಯಾನ್‌ಲೋಂಗ್ ಚಕ್ರವರ್ತಿಯ ಕಾಲದಲ್ಲಿ ಈ ನಂಟು ತುತ್ತತುದಿಗೆ ಏರಿತು. 1744ರಲ್ಲಿ ಬೀಜಿಂಗ್‌ನ ಯೋಂಗ್‌ಹೆಗೊಂಗ್ ಅರಮನೆ ಲಾಮಾಗಳ ವಿಹಾರವಾಯಿತು. 1767ರಿಂದ 1771ರ ನಡುವೆ ಚೆಂಗ್ದೆಯಲ್ಲಿ ಲ್ಹಾಸಾದ ಪೋತಾಲಾ ಅರಮನೆಯನ್ನು ಹೋಲುವ ದೇವಾಲಯವೆದ್ದಿತು. ಚಕ್ರವರ್ತಿ ತನ್ನನ್ನು ಜ್ಞಾನದ ಬೋಧಿಸತ್ತ್ವನಾದ ಮಂಜುಶ್ರೀಯ ರೂಪದಲ್ಲಿ ತಂಕಾಗಳ (ಬಟ್ಟೆಯ ಮೇಲಿನ ಪೂಜಾಚಿತ್ರಗಳ) ಮೇಲೆ ಬರೆಯಿಸಿಕೊಂಡ. ಪೂಜಾವೇದಿಕೆಯ ಮೇಲೆ ಸಾಲಾಗಿ ನಿಲ್ಲಿಸುವುದಕ್ಕೆಂದು ಎಂಟು ಚಿಹ್ನೆಗಳನ್ನೂ ಬಿಡಿಬಿಡಿಯಾಗಿ, ಕಮಲಪೀಠಗಳ ಸಮೇತ, ಪಿಂಗಾಣಿಯಲ್ಲೂ ಎನಾಮೆಲ್ ಕೆಲಸದಲ್ಲೂ ಮಾಡಿಸುತ್ತಿದ್ದರು. ಕಮಲದ ಬಳ್ಳಿಯ ಮೇಲೆ ಒಂದೊಂದನ್ನು ಕೂರಿಸುವ ನಿಮ್ಮ ಜಾಡಿಯ ವಿನ್ಯಾಸ ಆ ಅರಮನೆಯ ಅಭಿರುಚಿಯಿಂದ ಇಳಿದುಬಂದದ್ದು.

ಇದರಿಂದ ಜಾಡಿಯೂ ಅಷ್ಟು ಹಳೆಯದೆಂದು ತಿಳಿಯಬೇಡಿ. ತಳದ ಆರು ಅಕ್ಷರಗಳು ಸಾಮಾನ್ಯವಾಗಿ ವಂಶದ ಹೆಸರನ್ನೂ ಆಳ್ವಿಕೆಯ ಹೆಸರನ್ನೂ ಹೇಳುತ್ತವೆ; ಹಿಂದಿನ ದೊಡ್ಡ ಚಕ್ರವರ್ತಿಗಳ ಮುದ್ರೆಯನ್ನು ಗೌರವಕ್ಕಾಗಿಯೂ ಮಾರಾಟಕ್ಕಾಗಿಯೂ ಮುಂದಿನ ಕಾಲದವರು ಧಾರಾಳವಾಗಿ ಬರೆದಿದ್ದಾರೆ, ಇಂದಿಗೂ ಬರೆಯುತ್ತಾರೆ.

ಉತ್ತರ: ಮಸಿಕುಡಿಕೆ

ಬಾವಲಿಯ ಪ್ರಶ್ನೆಗೆ ಉತ್ತರ ಆ ಪ್ರಾಣಿಯ ಗುಣದಲ್ಲಿಲ್ಲ, ಅದರ ಹೆಸರಿನ ಉಚ್ಚಾರದಲ್ಲಿದೆ. ಚೀನೀ ಭಾಷೆಯಲ್ಲಿ ಬಾವಲಿಯ ಹೆಸರಿನ ಎರಡನೆಯ ಭಾಗ 'ಫು'. ಸೌಭಾಗ್ಯಕ್ಕೂ 'ಫು' ಎಂದೇ ಹೆಸರು, ದನಿಯ ಏರಿಳಿತವೂ ಒಂದೇ. ಬರೆಯುವ ಅಕ್ಷರಗಳು ಮಾತ್ರ ಬೇರೆ. ಒಂದೇ ಉಚ್ಚಾರದ ಪದಗಳು ರಾಶಿಯಾಗಿರುವ ಭಾಷೆಯಲ್ಲಿ ಹರಕೆಯನ್ನು ಚಿತ್ರವಾಗಿ ಬರೆಯುವುದು ಸುಲಭ, ಮತ್ತು ಮಿಂಗ್, ಚಿಂಗ್ ಕಾಲದ ಅಲಂಕಾರ ಕಲೆಯ ಬಹುಪಾಲು ಹೀಗೆ ಬರೆದ ಹರಕೆಯೇ ಆಗಿದೆ. ನಮ್ಮಲ್ಲಿ ಶ್ಲೇಷೆ ಕವಿಯ ಸೊತ್ತು. ಅಲ್ಲಿ ಅದು ಬಡಗಿಯ, ನೇಕಾರನ, ಕುಂಬಾರನ ಕೈಯಲ್ಲಿತ್ತು.

ನಿಮ್ಮ ತಟ್ಟೆಯ ನಡುವಿನ ದುಂಡು ಅಕ್ಷರ ಬಹುಮಟ್ಟಿಗೆ 'ಶೌ', ಎಂದರೆ ದೀರ್ಘಾಯುಷ್ಯ. ಐದು ಬಾವಲಿಗಳು ಅದನ್ನು ಸುತ್ತುವರಿದರೆ 'ಐದು ಸೌಭಾಗ್ಯಗಳು ಆಯುಷ್ಯವನ್ನು ಎತ್ತಿಹಿಡಿದಿವೆ' ಎಂದು ಓದಿಕೊಳ್ಳಬೇಕು. ಆ ಐದು ಯಾವುವೆಂಬುದನ್ನು ಪ್ರಾಚೀನ ಗ್ರಂಥವಾದ ಶುಜಿಂಗ್ ಎಣಿಸಿದೆ: ದೀರ್ಘಾಯುಷ್ಯ, ಸಂಪತ್ತು, ನೆಮ್ಮದಿಯ ಆರೋಗ್ಯ, ಸದ್ಗುಣದಲ್ಲಿ ಪ್ರೀತಿ, ಮತ್ತು ಆಯುಸ್ಸು ಮುಗಿದ ಮೇಲೆ ಬರುವ ಸಹಜವಾದ ಸಾವು. ಸುಖವಾಗಿ ಸಾಯುವುದನ್ನೂ ಭಾಗ್ಯದ ಪಟ್ಟಿಯಲ್ಲಿ ಸೇರಿಸಿದ ಆ ವಿವೇಕ ನನಗೆ ಬಹಳ ಹಿಡಿಸುತ್ತದೆ. 'ಅನಾಯಾಸೇನ ಮರಣಂ' ಎಂದು ಬೇಡುವ ನಮಗೆ ಅದು ಅಪರಿಚಿತವೂ ಅಲ್ಲ. ಇಂಥ ತಟ್ಟೆಗಳು ಹಿರಿಯರ ಹುಟ್ಟುಹಬ್ಬದ ಉಡುಗೊರೆಗೆ ಒಪ್ಪುವಂಥವು. ಬಾವಲಿಗಳು ಕೆಂಪಾಗಿದ್ದರೆ, ಕೆಂಪಿಗೂ 'ಅಪಾರ'ಕ್ಕೂ ಒಂದೇ ಉಚ್ಚಾರವಿರುವುದರಿಂದ, ಸೌಭಾಗ್ಯ ಅಪಾರವಾಗುತ್ತದೆ. ತಲೆಕೆಳಗಾಗಿ ತೂಗುತ್ತಿದ್ದರೆ, ತಲೆಕೆಳಗಾಗುವುದಕ್ಕೂ ಬಂದು ತಲುಪುವುದಕ್ಕೂ ಹೆಚ್ಚುಕಡಿಮೆ ಒಂದೇ ಶಬ್ದವಿರುವುದರಿಂದ, ಸೌಭಾಗ್ಯ ಮನೆಗೆ ಬಂದಿತೆಂದಾಗುತ್ತದೆ. ಹೊಸವರ್ಷದಲ್ಲಿ ಬಾಗಿಲಿಗೆ 'ಫು' ಅಕ್ಷರವನ್ನು ಬೇಕೆಂದೇ ತಲೆಕೆಳಗಾಗಿ ಅಂಟಿಸುವುದೂ ಇದೇ ಕಾರಣಕ್ಕೆ. ಬೀಜಿಂಗ್‌ನ ರಾಜಕುಮಾರ ಗೋಂಗ್‌ನ ಭವನದಲ್ಲಿ ತೊಲೆ, ಸೂರು, ಕಿಟಕಿಗಳಲ್ಲೆಲ್ಲ ಬಾವಲಿಗಳಿವೆ. ಅಲ್ಲಿನ ಕೃತಕ ಗುಹೆಯೊಂದರಲ್ಲಿ ಕಾಂಗ್‌ಶಿ ಚಕ್ರವರ್ತಿಯ ಕೈಬರಹದ 'ಫು' ಅಕ್ಷರವನ್ನು ಕೆತ್ತಿದ ಕಲ್ಲನ್ನು ಇಂದಿಗೂ ಕಾಪಾಡಿಕೊಂಡಿದ್ದಾರೆ.

ಈ ಜಾಡು ಹಿಡಿದರೆ ನಿಮ್ಮ ಬೀರುವಿನ ಬೇರೆ ಚೀನೀ ಸಾಮಾನುಗಳನ್ನೂ ನೀವೇ ಓದಬಹುದು. ಹೂದಾನಿ ಎಂದರೆ 'ಪಿಂಗ್', ಶಾಂತಿಗೂ 'ಪಿಂಗ್'. ಆದ್ದರಿಂದ ಹೂದಾನಿಯನ್ನು ಹೊತ್ತ ಆನೆ ಲೋಕದಲ್ಲಿ ಶಾಂತಿ ನೆಲಸಿದ್ದರ ಗುರುತು. ಜಿಂಕೆಗೆ 'ಲು' ಎನ್ನುತ್ತಾರೆ, ಸರಕಾರಿ ಅಧಿಕಾರಿಯ ವೇತನಕ್ಕೂ ಅದೇ ಶಬ್ದವಿದೆ. ಮಗುವೊಂದು ಕಮಲವನ್ನೂ ದೊಡ್ಡ ಮೀನನ್ನೂ ಅಪ್ಪಿಕೊಂಡಿರುವ ಹೊಸವರ್ಷದ ಅಚ್ಚುಚಿತ್ರ 'ವರ್ಷವರ್ಷವೂ ಮಿಗುತಾಯವಾಗಲಿ' ಎನ್ನುತ್ತದೆ. ಬೆಕ್ಕು ಚಿಟ್ಟೆಯನ್ನು ನೋಡುತ್ತಿರುವ ಚಿತ್ರವನ್ನು ಎಪ್ಪತ್ತು ಎಂಬತ್ತು ದಾಟಿದವರಿಗೆ ಕೊಡುತ್ತಾರೆ, ಏಕೆಂದರೆ ಆ ಎರಡು ಪ್ರಾಣಿಗಳ ಹೆಸರು ಸೇರಿದರೆ ಆ ವಯಸ್ಸುಗಳನ್ನು ಸೂಚಿಸುವ ಪದದ ಧ್ವನಿ ಬರುತ್ತದೆ. ಇದಾವುದೂ ಚಿತ್ರವನ್ನಷ್ಟೇ ನೋಡುವವನಿಗೆ ಹೊಳೆಯುವಂಥದಲ್ಲ.

ಎಲ್ಲವೂ ಶ್ಲೇಷೆಯಲ್ಲ, ಅದನ್ನೂ ಹೇಳಬೇಕು. ದಾಳಿಂಬೆ ಒಡಲ ತುಂಬ ಬೀಜವಿರುವುದರಿಂದ ಬಹುಸಂತಾನದ ಗುರುತು. ಪೀಚ್ ಹಣ್ಣು ಚೀನೀ ಪುರಾಣದ ದೇವತೆಯಾದ ಪಶ್ಚಿಮದ ರಾಣಿಮಾತೆಯ ತೋಟದ ಕಥೆಯಿಂದ ಅಮರತ್ವದ ಗುರುತು. ಜೋಡಿ ಮಂಡಾರಿನ್ ಬಾತುಗಳು ಬಿಟ್ಟಿರಲಾರದ ದಂಪತಿಗಳ ಗುರುತು. ಬಾಗಿಲ ಸಿಂಹಗಳಲ್ಲಿ ಪಂಜದ ಕೆಳಗೆ ಚೆಂಡಿರುವುದು ಗಂಡು, ಮರಿಯಿರುವುದು ಹೆಣ್ಣು. ಚೀನಾದ ಕಾಡುಗಳಲ್ಲಿ ಸಿಂಹ ಇಲ್ಲ. ಬೌದ್ಧಧರ್ಮದ ಜೊತೆಗೂ ಪಶ್ಚಿಮದಿಂದ ಬಂದ ಕಾಣಿಕೆಗಳ ಜೊತೆಗೂ ಆ ಕಲ್ಪನೆ ಅಲ್ಲಿಗೆ ಬಂದಿತು.

ಇನ್ನೊಂದು ಎಚ್ಚರಿಕೆ: ಚೀನೀ ಜಾಡಿಯಲ್ಲಿ ಎಂಟು ವಸ್ತುಗಳು ಕಂಡ ಮಾತ್ರಕ್ಕೆ ಅದು ಬೌದ್ಧರ ಅಷ್ಟಮಂಗಳವೆಂದುಕೊಳ್ಳಬಾರದು. ಕತ್ತಿ, ಬೀಸಣಿಗೆ, ಸೋರೆಬುರುಡೆ, ಕೊಳಲು, ಹೂಬುಟ್ಟಿ, ತಾಳದ ಚಿಟಿಕೆಗಳು ಕಂಡರೆ ಅವು ಚೀನಾದ್ದೇ ಆದ ದಾವ್ ಪಂಥದ ಎಂಟು ಅಮರರ ಕೈಯ ವಸ್ತುಗಳು. ಅಮರರನ್ನು ಬರೆಯದೆ ಅವರ ವಸ್ತುಗಳನ್ನಷ್ಟೇ ಬರೆಯುವುದು ಒಂದು ಜಾಣ್ಮೆ. ಮುತ್ತು, ನಾಣ್ಯ, ಪುಸ್ತಕ, ಖಡ್ಗಮೃಗದ ಕೊಂಬು ಕಂಡರೆ ಅದು ವಿದ್ವಾಂಸರ ಮನೆಯ ಎಂಟು ನಿಧಿಗಳ ಮತ್ತೊಂದು ಪಟ್ಟಿ. ನೀವು ವಿವರಿಸಿದ್ದು ಮಾತ್ರ ನಿಸ್ಸಂದೇಹವಾಗಿ ಬೌದ್ಧರದು.

ಉತ್ತರ: ಹುಣಸೂರುರಸ್ತೆ

ಮೇಲಿನ ಇಬ್ಬರೂ ಜಾಡಿ ಮತ್ತು ತಟ್ಟೆಗಳನ್ನು ಚೆನ್ನಾಗಿ ವಿವರಿಸಿದ್ದಾರೆ. ಘಂಟೆ, ವಜ್ರ ಮತ್ತು ಚೂರಿಗಳನ್ನು ಅದೇ ರೀತಿಯಲ್ಲಿ ಓದಲಾಗದು. ಜಾಡಿಯ ಮೇಲಿನ ಚಿಹ್ನೆ ನೋಡುವವನಿಗೆ ಹರಕೆ ಹೇಳುತ್ತದೆ. ಘಂಟೆ ಮತ್ತು ವಜ್ರ ಹಿಡಿಯುವವನ ಕೈಗಾಗಿ ಮಾಡಿದವು. ದೀಕ್ಷೆ ಪಡೆದ ಸಾಧಕ ವಜ್ರವನ್ನು ಬಲಗೈಯಲ್ಲೂ ಘಂಟೆಯನ್ನು ಎಡಗೈಯಲ್ಲೂ ಹಿಡಿಯುತ್ತಾನೆ. ಟಿಬೆಟನ್ನರು ದೋರ್ಜೆ ಎನ್ನುವ ವಜ್ರ ಉಪಾಯ, ಅಂದರೆ ಕರುಣೆಯಿಂದ ಕೂಡಿದ ಕ್ರಿಯೆ. ಡ್ರಿಲ್ಬು ಎನ್ನುವ ಘಂಟೆ ಪ್ರಜ್ಞೆ, ಅಂದರೆ ಶೂನ್ಯತೆಯ ಅರಿವು. ಕರುಣೆಯಿಲ್ಲದ ಅರಿವೂ ಅರಿವಿಲ್ಲದ ಕರುಣೆಯೂ ಗುರಿ ಮುಟ್ಟಿಸಲಾರವೆಂಬುದು ವಜ್ರಯಾನದ, ಅಂದರೆ ತಾಂತ್ರಿಕ ಬೌದ್ಧಮಾರ್ಗದ, ಮೂಲಭೂತ ಮಾತಾದ್ದರಿಂದ ಇವೆರಡನ್ನು ಬೇರ್ಪಡಿಸುವುದಿಲ್ಲ. ಎರಡೂ ಕೈಗಳನ್ನು ಎದೆಯ ಮುಂದೆ ಒಂದರ ಮೇಲೊಂದು ಅಡ್ಡವಾಗಿ ತಂದಾಗ ಆ ಕೂಡುವಿಕೆ ದೇಹದಲ್ಲಿಯೇ ನಡೆಯುತ್ತದೆ. ವಜ್ರಧರನೆಂಬ ಬುದ್ಧನ ಮೂರ್ತಿಗಳನ್ನು ಆ ಭಂಗಿಯಲ್ಲಿ ಮಾಡುತ್ತಾರೆ.

ನಿಮ್ಮ ವಜ್ರವನ್ನು ಹತ್ತಿರದಿಂದ ನೋಡಿ. ನಡುವೆ ಒಂದು ಸಣ್ಣ ಗುಂಡು, ಅದರ ಎರಡು ಕಡೆಗೂ ಕಮಲದ ದಳಗಳು, ಆಮೇಲೆ ಒಳಕ್ಕೆ ಬಾಗಿ ತುದಿಯಲ್ಲಿ ಕೂಡುವ ಕೊಂಬೆಗಳು ಇರುತ್ತವೆ. ಸಾಮಾನ್ಯವಾಗಿ ನಡುಕೊಂಬೆಯೂ ಸೇರಿ ಐದು, ಕೆಲವಲ್ಲಿ ಒಂಬತ್ತು. ಐದು ಕೊಂಬೆಗಳು ಐದು ಬುದ್ಧಕುಲಗಳನ್ನೂ, ಕೋಪ, ಮದ, ಅಸೂಯೆ ಮೊದಲಾದ ಐದು ವಿಷಗಳು ಮಾರ್ಪಟ್ಟು ಆಗುವ ಐದು ಜ್ಞಾನಗಳನ್ನೂ ಸೂಚಿಸುತ್ತವೆ. ಹೊರಗಿನ ಕೊಂಬೆಗಳು ಮಕರದ ಬಾಯಿಂದ ಹೊರಟಿರುತ್ತವೆ. ಹೊಯ್ಸಳರ ಮಕರತೋರಣಗಳನ್ನು ಕಂಡವರಿಗೆ ಆ ಮೃಗದ ಪರಿಚಯ ಬೇಕಿಲ್ಲ. ಇಂದ್ರನ ಕೈಯಲ್ಲಿ ಆಯುಧವಾಗಿದ್ದ ವಜ್ರದ ಕೊಂಬೆಗಳನ್ನು ಬಾಗಿಸಿ ಕೂಡಿಸಿದ್ದರಿಂದ ಅದು ಯಾರನ್ನೂ ಇರಿಯದ, ಆದರೆ ಯಾವುದರಿಂದಲೂ ಒಡೆಯದ ವಸ್ತುವಾಯಿತು.

ಘಂಟೆಯ ಹಿಡಿಯ ಮೇಲ್ತುದಿಯಲ್ಲಿ ಅರ್ಧ ವಜ್ರವಿರುತ್ತದೆ. ಅದರ ಕೊಂಬೆಗಳ ಲೆಕ್ಕ ಜೊತೆಯ ವಜ್ರಕ್ಕೆ ಹೊಂದುತ್ತದೆಯೇ ನೋಡಿ. ಹೊಂದದಿದ್ದರೆ ಅಂಗಡಿಯವನು ಬೇರೆಬೇರೆ ಜೋಡಿಗಳನ್ನು ಕಲಸಿ ಕೊಟ್ಟಿದ್ದಾನೆ. ಅದರ ಕೆಳಗೆ ಕಾಣುವ ಸ್ತ್ರೀಮುಖ ಪ್ರಜ್ಞಾಪಾರಮಿತೆಯದು, ಎಲ್ಲ ಬುದ್ಧರ ತಾಯಿ ಎನಿಸಿಕೊಂಡವಳದು. ಘಂಟೆಯ ಭುಜದ ಮೇಲೆ ಎಂಟು ದಳದ ಕಮಲ, ದಳಕ್ಕೊಂದು ಬೀಜಾಕ್ಷರ; ಅಂಚಿನ ಸುತ್ತ ಸಣ್ಣ ವಜ್ರಗಳ ಬೇಲಿ. ಒಟ್ಟಿನಲ್ಲಿ ಘಂಟೆಯ ಮೈ ಒಂದು ಮಂಡಲದ ನಕ್ಷೆ. ಅದರ ಒಳಗಿನ ಪೊಳ್ಳು ಶೂನ್ಯತೆ, ಆ ಪೊಳ್ಳಿನಿಂದ ಹೊರಡುವ ನಾದ ಧರ್ಮ. ಪೂರ್ವ ಟಿಬೆಟಿನ ದೆರ್ಗೆ ಪ್ರದೇಶದ ಹಳೆಯ ಘಂಟೆಗಳಿಗೆ ಬಹಳ ಹೆಸರಿದೆ. ಈಗ ಮಾರುಕಟ್ಟೆಗೆ ಬರುವವುಗಳಲ್ಲಿ ಅನೇಕವನ್ನು ನೇಪಾಳದ ಪಾಟನ್ ಪಟ್ಟಣದ ನೇವಾರ ಕುಶಲಕರ್ಮಿಗಳು ಎರಕ ಹೊಯ್ಯುತ್ತಾರೆ.

ಚೂರಿಯ ಹೆಸರು ಪುರ್ಬಾ. ಅದು ಮನೆಯಲ್ಲಿದ್ದರೆ ಜಗಳವಾಗುತ್ತದೆಂಬ ಮಾತಿಗೆ ಟಿಬೆಟಿನ ಪರಂಪರೆಯಲ್ಲಿ ಆಧಾರ ಕಾಣುವುದಿಲ್ಲ; ಚೂರಿಗಳ ಬಗೆಗೆ ನಮ್ಮಲ್ಲಿರುವ ನಂಬಿಕೆಯೇ ಅದರ ಮೇಲೆ ಬಿದ್ದಿದೆ ಎನಿಸುತ್ತದೆ. ಅದು ಕೊಯ್ಯುವ ಅಥವಾ ಇರಿಯುವ ಆಯುಧವಲ್ಲ, ನೆಲಕ್ಕೆ ಬಡಿಯುವ ಗೂಟ. ಭಾರತದ ಹಳೆಯ ವಿಧಿಗಳಲ್ಲಿ ಯಾಗಭೂಮಿಯ ಅಥವಾ ಮಂಡಲದ ಎಲ್ಲೆಗಳನ್ನು ಗೂಟ ಹೊಡೆದು ಭದ್ರಪಡಿಸುವ ಕ್ರಮವಿತ್ತು. ವಿಘ್ನಗಳನ್ನು ಅಲ್ಲಿಯೇ ನಾಟಿ ನಿಲ್ಲಿಸುವ ಕಲ್ಪನೆ ಅದರಿಂದ ಬೆಳೆಯಿತು. ಮೂರು ಅಲಗುಗಳು ರಾಗ, ದ್ವೇಷ, ಮೋಹಗಳೆಂಬ ಮೂರು ವಿಷಗಳನ್ನು ಒಮ್ಮೆಗೇ ಕತ್ತರಿಸುತ್ತವೆ. ಅಲಗು ಇಲ್ಲಿಯೂ ಮಕರದ ಬಾಯಿಂದಲೇ ಇಳಿದಿರುತ್ತದೆ, ಅದರ ಮೈಮೇಲೆ ಹಾವುಗಳಿರುತ್ತವೆ. ಮೇಲಿನ ಮೂರು ಉಗ್ರ ಮುಖಗಳು ವಜ್ರಕೀಲಯ ದೇವತೆಯವು. ಎಂಟನೆಯ ಶತಮಾನದಲ್ಲಿ ಟಿಬೆಟಿನ ಸಮ್ಯೆ ವಿಹಾರವನ್ನು ಕಟ್ಟಲು ಬಿಡದ ಸ್ಥಳೀಯ ಭೂತಗಳನ್ನು ತಾಂತ್ರಿಕ ಗುರು ಪದ್ಮಸಂಭವರು ಪಳಗಿಸಿದರೆಂಬ ಕಥೆಗೂ ಈ ದೇವತೆಯ ಸಾಧನೆಗೂ ಗಾಢವಾದ ಸಂಬಂಧವಿದೆ. ಆ ಭೂತಗಳನ್ನು ಅವರು ಕೊಲ್ಲಲಿಲ್ಲ, ಧರ್ಮದ ಕಾವಲಿಗೆ ಪ್ರಮಾಣ ಮಾಡಿಸಿ ನಿಲ್ಲಿಸಿದರು. ಉಗ್ರರೂಪವೆಲ್ಲ ಹಿಂಸೆಯದೆಂದು ತಿಳಿಯುವವರು ಈ ವಿವರವನ್ನು ನೆನಪಿಡಬೇಕು. ತುಳುನಾಡಿನ ಭೂತಗಳ ಪರಿಚಯವಿದ್ದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. 1963ರಲ್ಲಿ ಪೆನೋರ್ ರಿನ್‌ಪೋಚೆಯವರು ಬೈಲಕುಪ್ಪೆಯಲ್ಲಿ ಸ್ಥಾಪಿಸಿದ ನಾಮ್‌ಡ್ರೋಲಿಂಗ್ ಪದ್ಮಸಂಭವರನ್ನು ಮೂಲಗುರುವೆಂದು ಕಾಣುವ ಞಿಂಗ್ಮಾ ಪಂಥದ ವಿಹಾರ, ಆದುದರಿಂದ ಆ ಸುತ್ತಿನ ಅಂಗಡಿಗಳಲ್ಲಿ ಪುರ್ಬಾ ಸುಲಭವಾಗಿ ಸಿಗುವುದರಲ್ಲಿ ಅಚ್ಚರಿಯಿಲ್ಲ. ಲಾಮಾಗಳ ಚಾಮ್ ನೃತ್ಯದಲ್ಲಿ ಕರಿಟೋಪಿಯ ನರ್ತಕರ ಕೈಯಲ್ಲೂ ಅದನ್ನು ಕಾಣಬಹುದು.

ಬೀರುವಿನಲ್ಲಿ ಇಡಬಹುದೇ ಎಂದು ಕೇಳಿದ್ದೀರಿ. ಪ್ರತಿಷ್ಠೆಯಾಗದ ವಸ್ತು ಅವರ ದೃಷ್ಟಿಯಲ್ಲಿಯೂ ಲೋಹವಷ್ಟೆ. ಟಿಬೆಟನ್ನರು 'ರಬ್ನೆ' ಎನ್ನುವ ಪ್ರತಿಷ್ಠಾವಿಧಿ ನಡೆದ ಮೇಲೆಯೇ ಮೂರ್ತಿಯೂ ಸ್ತೂಪವೂ ಪೂಜಾರ್ಹವಾಗುತ್ತವೆ. ಮೂರ್ತಿಗಳ ಟೊಳ್ಳಿನೊಳಗೆ ಧಾರಣಿ ಮಂತ್ರಗಳನ್ನು ಬರೆದ ಸುರುಳಿಗಳನ್ನು ತುಂಬುತ್ತಾರೆ. ಅಂಗಡಿಯಿಂದ ನೇರವಾಗಿ ಬಂದ ಜೋಡಿಯನ್ನು ನೀವು ಬೀರುವಿನಲ್ಲಿಟ್ಟರೆ ಯಾವ ದೋಷವೂ ಇಲ್ಲ. ನೆಲದ ಮೇಲೆ ಇಡದಿರುವುದು, ದಾಟದಿರುವುದು, ಊಟಕ್ಕೆ ಕರೆಯುವ ಘಂಟೆಯಾಗಿ ಬಳಸದಿರುವುದು, ಇಷ್ಟು ಮರ್ಯಾದೆ ಸಾಕು. ನಿಮ್ಮ ಮಾವನವರು ಯಾರಾದರೂ ಲಾಮಾಗಳಿಂದ ದೀಕ್ಷೆ ಪಡೆದು ಅದನ್ನು ಬಳಸುತ್ತಿದ್ದರಾದರೆ ಮಾತ್ರ ವಿಹಾರದವರನ್ನು ಒಮ್ಮೆ ಕೇಳಿ. ಬೈಲಕುಪ್ಪೆಯ ಸೆರಾ, ಮುಂಡಗೋಡಿನ ಡ್ರೆಪುಂಗ್ ಮತ್ತು ಗಾಂದೆನ್, ಹುಣಸೂರು ಸೀಮೆಯ ಗ್ಯುದ್ಮೆ ತಂತ್ರವಿಹಾರ, ಇವೆಲ್ಲ ನಮ್ಮ ನಾಡಿನಲ್ಲಿಯೇ ಇರುವಾಗ, ಕೇಳಲು ಅಂತರ್ಜಾಲಕ್ಕಿಂತ ಹತ್ತಿರದ ಜಾಗಗಳಿವೆ.

ಉತ್ತರ: ಸಂದೇಹಿ

ಇಲ್ಲಿಯವರೆಗಿನ ಉತ್ತರಗಳಲ್ಲಿ ತಕರಾರು ಮಾಡುವಂಥದ್ದು ಕಡಿಮೆ. ಆದರೂ, ಪ್ರತಿಯೊಂದು ಆಕಾರಕ್ಕೂ ಒಂದು ಅರ್ಥ ಇದ್ದೇ ಇರಬೇಕೆಂಬ ಹಂಬಲದ ಬಗೆಗೆ ನನಗೆ ಅಪನಂಬಿಕೆಯಿದೆ. ಒಂದು ಉದಾಹರಣೆ ಕೊಡುತ್ತೇನೆ. ಚೀನಾದ ಹಸಿರುಕಲ್ಲಿನ (ಜೇಡ್) ವಸ್ತುಗಳಲ್ಲಿ ನಡುವೆ ತೂತುಳ್ಳ ಬಿಲ್ಲೆ 'ಬಿ', ಹೊರಗೆ ಚೌಕ ಒಳಗೆ ದುಂಡಗಿನ ಕೊಳವೆ 'ತ್ಸೋಂಗ್' ಬಹಳ ಪ್ರಸಿದ್ಧವಾದವು. ಬಿಲ್ಲೆ ಆಕಾಶಕ್ಕೆ, ಕೊಳವೆ ಭೂಮಿಗೆ ಎಂಬ ವಿವರಣೆಯನ್ನು ಮಾರಾಟಗಾರರಿಂದ ಹಿಡಿದು ಪಠ್ಯಪುಸ್ತಕಗಳವರೆಗೆ ಎಲ್ಲರೂ ಒಪ್ಪಿಸುತ್ತಾರೆ. ಆ ವಿವರಣೆ ಬರುವುದು ಝೌಲಿ ಎಂಬ ಗ್ರಂಥದಿಂದ. ಆದರೆ ಆ ವಸ್ತುಗಳನ್ನು ರಾಶಿರಾಶಿಯಾಗಿ ಮಾಡಿ ಸತ್ತವರ ಜೊತೆ ಹೂಳಿದ ಲಿಯಾಂಗ್ಝು ಸಂಸ್ಕೃತಿ ಕ್ರಿಸ್ತಪೂರ್ವ 3300ರಿಂದ 2300ರ ಸುಮಾರಿನದು. ಅದಕ್ಕೂ ಆ ಗ್ರಂಥಕ್ಕೂ ನಡುವೆ ಸಾವಿರಾರು ವರ್ಷಗಳ ಕಂದಕವಿದೆ, ಮತ್ತು ಲಿಯಾಂಗ್ಝು ಜನ ತಮ್ಮ ವಿಧಿಗಳ ಬಗೆಗೆ ನಾವು ಓದಬಲ್ಲ ಒಂದು ಸಾಲನ್ನೂ ಬಿಟ್ಟುಹೋಗಿಲ್ಲ. ಶಾಂಗ್ ವಂಶದ ಕಂಚಿನ ಪಾತ್ರೆಗಳ ಮೇಲೆ ದುರುಗುಟ್ಟುವ ಮೃಗಮುಖದ್ದೂ ಇದೇ ಕಥೆ. ಅದಕ್ಕೆ ಇಂದು ಹೇಳುವ ತಾವ್‌ತಿಯೆ ಎಂಬ ಹೆಸರೂ, ಹೊಟ್ಟೆಬಾಕತನದ ಎಚ್ಚರಿಕೆಯೆಂಬ ನೀತಿಯೂ ಆ ಪಾತ್ರೆಗಳನ್ನು ಎರಕ ಹೊಯ್ದವರಿಂದ ಬಂದವಲ್ಲ, ಬಹುಕಾಲದ ಮೇಲೆ ಬಂದ ಗ್ರಂಥಕಾರರಿಂದ ಬಂದವು. ಅರ್ಥ ಕಳೆದುಹೋದ ಆಕಾರಕ್ಕೆ ಮುಂದಿನವರು ಹೊಸ ಅರ್ಥವನ್ನು ತೊಡಿಸುತ್ತಾರೆ. ಅದು ತಪ್ಪಲ್ಲ, ಆದರೆ ಮೂಲವೆಂದು ಹೇಳಬಾರದು.

'ಫೆಂಗ್‌ಶುಯಿ' ಅಂಗಡಿಗಳ ಬಗೆಗೆ ಎರಡು ಮಾತು. ಬೆಂಗಳೂರಿನ ಮಾಲ್‌ಗಳಲ್ಲಿ 'ನಗುವ ಬುದ್ಧ' ಎಂದು ಮಾರುವ ಹೊಟ್ಟೆಯ ಮೂರ್ತಿ ಗೌತಮ ಬುದ್ಧನದಲ್ಲ. ಹತ್ತನೆಯ ಶತಮಾನದ ಆಚೀಚೆ ಇದ್ದನೆನ್ನುವ, ಮುಂದೆ ಬರಲಿರುವ ಬುದ್ಧನಾದ ಮೈತ್ರೇಯನ ಅವತಾರವೆಂದು ಜನ ನಂಬಿದ ಬುದಾಯ್ ಎಂಬ ಜೋಳಿಗೆಯ ಭಿಕ್ಷುವಿನದು. ಕೈ ಬೀಸುವ ಬೆಕ್ಕು ಚೀನಾದ್ದೂ ಅಲ್ಲ, ಜಪಾನಿನದು. ಇನ್ನು 'ಪ್ರಾಚೀನ ಟಿಬೆಟಿನ ಗುಣಪಡಿಸುವ ನಾದಬಟ್ಟಲು' ಎಂದು ಮಾರುವ ಲೋಹದ ಬೋಗುಣಿಗಳು ವಿಹಾರಗಳ ಪೂಜಾವಿಧಿಯಲ್ಲಿ ಸ್ಥಾನ ಪಡೆದ ವಸ್ತುಗಳಲ್ಲ. ಅವುಗಳ ಈಗಿನ ಖ್ಯಾತಿ 1970ರ ದಶಕದಿಂದೀಚೆಗೆ ಪಾಶ್ಚಾತ್ಯರ ನಡುವೆ ಹುಟ್ಟಿ ಬೆಳೆದದ್ದು. ನಾದ ಇಂಪಾಗಿದೆ, ಅದಕ್ಕಾಗಿ ಕೊಳ್ಳುವವರನ್ನು ನಾನು ತಡೆಯುವುದಿಲ್ಲ.

ಮರುಪ್ರಶ್ನೆ: ಗಾಜಿನಬೀರು

ಎಲ್ಲರಿಗೂ ಕೃತಜ್ಞತೆಗಳು. ಘಂಟೆ ಮತ್ತು ವಜ್ರ ಎರಡರಲ್ಲೂ ಐದೈದು ಕೊಂಬೆಗಳಿವೆ, ಜೋಡಿ ಸರಿಯಾಗಿದೆ. ಮಾವನವರು ಯಾವ ದೀಕ್ಷೆಯನ್ನೂ ಪಡೆದವರಲ್ಲ. ಎರಡು ಸಣ್ಣ ವಿಷಯಗಳು ಉಳಿದಿವೆ. ಘಂಟೆಯ ಮೇಲಿನ ಮುಖ ಯಾವ ಕಡೆಗೆ ತಿರುಗಿರಬೇಕು? ಮತ್ತು ಜಾಡಿಯ ಶಂಖದ ಸುರುಳಿ ಬಲಕ್ಕೆ ತಿರುಗಿದಂತೆ ಕಾಣುತ್ತಿಲ್ಲ, ಎಡಮುರಿಯಾದರೆ ಅಶುಭವೇ?

ಉತ್ತರ: ಹುಣಸೂರುರಸ್ತೆ

ಬಳಸುವಾಗ ಪ್ರಜ್ಞಾಪಾರಮಿತೆಯ ಮುಖ ಸಾಧಕನ ಕಡೆಗಿರುತ್ತದೆ, ಎದುರು ಕುಳಿತವರ ಕಡೆಗಲ್ಲ. ಕೆಳಗಿಟ್ಟಾಗ ವಜ್ರ ಅವನ ಬಲಕ್ಕೆ, ಘಂಟೆ ಎಡಕ್ಕೆ ಬರುವುದು ಸಾಮಾನ್ಯ ರೂಢಿ. ಬೀರುವಿನಲ್ಲಿ ಕೂತು ಪೂಜಿಸುವವರು ಯಾರೂ ಇಲ್ಲವಾದ್ದರಿಂದ ಮುಖವನ್ನು ಗಾಜಿನ ಕಡೆಗೆ ತಿರುಗಿಸಿ ಇಡಿ, ನೋಡುವವರಿಗೆ ಕೆತ್ತನೆಯಾದರೂ ಕಾಣಲಿ. ಪುರ್ಬಾಕ್ಕೆ ಬೇಕಿದ್ದರೆ ತ್ರಿಕೋನಾಕಾರದ ಪೀಠ ಸಿಗುತ್ತದೆ. ಮೊನೆ ಕೆಳಗಾಗಿ ನಿಲ್ಲಿಸುವುದು ಅದರ ಕೆಲಸಕ್ಕೆ ಒಪ್ಪುವ ಭಂಗಿ.

ಉತ್ತರ: ಬಲಮುರಿ

ನಿಸರ್ಗದಲ್ಲಿ ಬಹುಪಾಲು ಶಂಖಗಳ ಸುರುಳಿ ಒಂದೇ ಕಡೆಗಿರುತ್ತದೆ. ಅದಕ್ಕೆ ವಿರುದ್ಧವಾಗಿ ತಿರುಗಿದ್ದು ಅಪರೂಪವಾದ್ದರಿಂದ ನಮ್ಮಲ್ಲೂ ಟಿಬೆಟಿನಲ್ಲೂ ಅದಕ್ಕೆ ಬಲಮುರಿ ಎಂಬ ವಿಶೇಷ ಪೂಜ್ಯತೆ ಬಂದಿತು. ಟಿಬೆಟಿನ ಚಿತ್ರಕಾರರು ಅದನ್ನು ಎಚ್ಚರದಿಂದ ಬರೆಯುತ್ತಾರೆ. ಜಿಂಗ್‌ದೆಝೆನ್‌ನಲ್ಲಿ ಕೆಲಸ ಕೈಯಿಂದ ಕೈಗೆ ಸಾಗುತ್ತಿತ್ತು: ಒಬ್ಬ ಗೆರೆ ಎಳೆದರೆ ಇನ್ನೊಬ್ಬ ಬಣ್ಣ ತುಂಬುತ್ತಿದ್ದ, ಮಾದರಿಯ ನಕಲಿನ ನಕಲು ನಡೆಯುತ್ತಿತ್ತು. ಹಾಗಾಗಿ ಜಾಡಿಗಳ ಮೇಲಿನ ಶಂಖ ಎತ್ತ ಬೇಕಾದರೂ ತಿರುಗಿರುವುದುಂಟು. ಶುಭಾಶುಭದ ಪ್ರಶ್ನೆ ಇಲ್ಲಿ ಏಳುವುದಿಲ್ಲ. ಸಾಧ್ಯವಾದರೆ ಮೇಲ್ಕಟ್ಟಿನ ಚಿತ್ರದ ಮತ್ತು ತಳದ ಅಕ್ಷರಗಳ ಫೋಟೋಗಳನ್ನು ಇಲ್ಲಿ ಹಾಕಿ. ಅಕ್ಷರಗಳು ಯಾವ ಆಳ್ವಿಕೆಯ ಹೆಸರನ್ನು ಹೇಳುತ್ತವೆಂಬುದನ್ನು ಓದಿ ಹೇಳಬಹುದು.